ಕರ್ಪೂರದ ಮರದ ಪೆಟ್ಟಿಗೆ ಎಲ್ಲಿಯದು

ಆ ಪೆಟ್ಟಿಗೆಗೆ ನಾನು ಕೊಟ್ಟದ್ದು ಅರವತ್ತೆರಡು ಸಾವಿರ ರೂಪಾಯಿ. ಅದಕ್ಕೆ ಹದಿನೈದು ದಿನ ಮೊದಲು ಅದೇ ಪೆಟ್ಟಿಗೆಯನ್ನು ಹನ್ನೊಂದು ಸಾವಿರಕ್ಕೆ ಮಾತಾಡಿ, ಒಪ್ಪಿಸಿ, ಸಾವಿರ ರೂಪಾಯಿ ಮುಂಗಡವನ್ನೂ ಕೈಗಿಟ್ಟು ಬಂದಿದ್ದೆ. ನಡುವೆ ಪೆಟ್ಟಿಗೆ ಬದಲಾಗಲಿಲ್ಲ, ಅದರ ಮೇಲಿನ ಧೂಳು ಕೂಡ ಬದಲಾಗಲಿಲ್ಲ. ಐವತ್ತೊಂದು ಸಾವಿರ ಹೆಚ್ಚಾದದ್ದು ಮೊದಲ ದಿನ ನಾನು ಹೇಳಿದ ಒಂದೇ ಒಂದು 'ಹೌದ್ರಿ'ಯಿಂದ. ನನ್ನ ವ್ಯಾಪಾರದಲ್ಲಿ ಅಷ್ಟು ದುಬಾರಿಯಾದ ಮಾತು ಇನ್ನೊಂದಿಲ್ಲ.

ನನ್ನದು ರಾಯದುರ್ಗದಲ್ಲಿ ಹಳೆಯ ಮರದ ಸಾಮಾನಿನ ವ್ಯಾಪಾರ. ಅದಕ್ಕೆ ಮುಂಚೆ ಹನ್ನೆರಡು ವರ್ಷ ಜೀನ್ಸ್ ಹೊಲಿದವಳು. ನಾನು ಹೊಲಿಯುತ್ತಿದ್ದ ಯೂನಿಟ್ಟು ಮುಚ್ಚಿದಾಗ ಮಾಲೀಕ ಮಷಿನ್ನುಗಳನ್ನು ಮಾರಿಕೊಂಡ, ಮೇಜುಗಳು ಯಾರಿಗೂ ಬೇಡವಾಗಿದ್ದವು. ಆರು ಮೇಜು ಸೌದೆಯ ರೇಟಿಗೆ ತಂದೆ. ಹಲಗೆ ತಿಕ್ಕಿ ನೋಡಿದರೆ ನಾಲ್ಕು ತೇಗದವು. ಅಲ್ಲಿಂದ ಶುರುವಾಗಿ ಬಾಗಿಲು, ಕಂಬ, ತೊಟ್ಟಿಲು, ಪೆಟ್ಟಿಗೆ ಅಂತ ಬೆಳೆಯಿತು. ಓದಿದ್ದು ಏಳನೇ ತರಗತಿ. ಮರವನ್ನು ಮಾತ್ರ ಮೂಗು, ಉಗುರು, ಬೆರಳುಗಳಿಂದ ಓದುವುದು ಕಲಿತಿದ್ದೇನೆ.

ಚೀನಾದ ಪೆಟ್ಟಿಗೆಗಳ ವಿಷಯ ಕಲಿತದ್ದು ಏಟು ತಿಂದು. ಬಳ್ಳಾರಿಯಲ್ಲಿ ಒಬ್ಬರ ಮನೆಯಲ್ಲಿ ಮೈತುಂಬ ಡ್ರ್ಯಾಗನ್ನು, ಹಡಗು ಕೆತ್ತಿದ ಪೆಟ್ಟಿಗೆ ನೋಡಿದೆ. ಮುಚ್ಚಳ ತೆಗೆದರೆ ಘಮ್ಮೆಂದಿತು. ನೂರೈವತ್ತು ವರ್ಷದ್ದು ಅಂದರು, ನಂಬಿ ತಂದೆ. ಬೆಂಗಳೂರಿನಲ್ಲಿ ನಾನು ಮಾಲು ಕೊಡುವ ಅಂಗಡಿಯವರು ಅದನ್ನು ತಲೆಕೆಳಗು ಮಾಡಿಸಿ ನಕ್ಕರು. ತಳ ಪ್ಲೈವುಡ್ಡು, ಮೂಲೆಯಲ್ಲಿ ಪೂಜೆಯ ಕರ್ಪೂರದ ಬಿಲ್ಲೆ ಪುಡಿ ಮಾಡಿ ತುರುಕಿದ್ದರು. ಆಮೇಲೆ ಅದೇ ಅಂಗಡಿಯವರು ನಿಜವಾದದ್ದೊಂದನ್ನು ಎದುರಿಗಿಟ್ಟು ಅರ್ಧ ದಿನ ಪಾಠ ಹೇಳಿದರು. ಹಿಂದೆ ಕ್ಯಾಂಟನ್ ಬಂದರಿನ ಬಡಗಿಗಳು ಪರದೇಶದವರಿಗೆಂದೇ ಮಾಡಿ ಹಡಗಿಗೆ ಏರಿಸುತ್ತಿದ್ದ ಪೆಟ್ಟಿಗೆಗಳು ಇವು. ಇಂಗ್ಲಿಷ್ ಅಧಿಕಾರಿಗಳು ಬಟ್ಟೆಗೆ ನುಸಿ ಹಿಡಿಯದಿರಲೆಂದು ಕೊಳ್ಳುತ್ತಿದ್ದರು, ದಂಡಿನ ಜೊತೆ ಊರೂರು ಹೊತ್ತು ತಿರುಗುತ್ತಿದ್ದರು. ಬಳ್ಳಾರಿಯಲ್ಲಿ ದಂಡು ಇತ್ತು. ಅಂದಮೇಲೆ ನಮ್ಮ ಸುತ್ತಮುತ್ತ ಒಂದೆರಡಾದರೂ ಉಳಿದಿರಬೇಕು ಅಂತ ಅವತ್ತಿನಿಂದ ಹುಡುಕುತ್ತಿದ್ದೆ.

ಸಿಕ್ಕಿದ್ದು ಮಡಕಶಿರಾ ಕಡೆ, ಅಲ್ಲಿಯ ಗುಡಿಬಂಡೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. ನಾನು ಹೋಗಿದ್ದು ಒಂದು ಹಳೆಯ ಬಾಗಿಲು ನೋಡಲಿಕ್ಕೆ. ಬಾಗಿಲಿಗೆ ಹುಳ ಹಿಡಿದಿತ್ತು, ವಾಪಸ್ಸು ಹೊರಟಿದ್ದೆ. ಪಕ್ಕದ ಮನೆಯ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಕರೆದು ದನದ ಕೊಟ್ಟಿಗೆಯಲ್ಲಿ ಒಂದು ಪೆಟ್ಟಿಗೆ ಐತೆ ನೋಡು ಅಂದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು. ಅಣ್ಣನೂ ಇಲ್ಲ, ಮನೆ ಅಣ್ಣನ ಮಗನದು. ಅವರಿಗೆ ತಾಯಿಯಿಂದ ಬಂದ ಅರ್ಧ ಎಕರೆ ಹಿಪ್ಪುನೇರಳೆ ತೋಟವಿತ್ತು, ಅಣ್ಣನ ಮಗನ ಶೆಡ್ಡಿನ ಒಂದು ಮೂಲೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಈ ಸಲದಿಂದ ಆ ಮೂಲೆ ತನಗೇ ಬೇಕು ಅಂತ ಅವನು ಹೇಳಿಬಿಟ್ಟಿದ್ದ. ಹುಳಕ್ಕೆ ಸೂರಿಲ್ಲದಿದ್ದರೆ ತೋಟದ ಸೊಪ್ಪನ್ನು ಕಂಡವರಿಗೆ ಮಾರಿ ಕೂರಬೇಕು. ತೋಟದ ಬದಿಯಲ್ಲೇ ತಮ್ಮದೊಂದು ಸಣ್ಣ ಶೆಡ್ಡು ಹಾಕಿಸಿಕೊಳ್ಳಬೇಕು ಅನ್ನುವುದು ಅವರ ಲೆಕ್ಕ. ಮಾರುವಂಥದ್ದು ಅಂತ ಅವರ ಕೈಯಲ್ಲಿ ಇದ್ದದ್ದು ಅದೊಂದೇ ಪೆಟ್ಟಿಗೆ.

ಪೆಟ್ಟಿಗೆಗೆ ಹಸಿರು ಆಯಿಲ್ ಪೇಂಟು ಎರಡು ಮೂರು ಸಲ ಬಳಿದಿದ್ದರು. ನೋಡಿದರೆ ಯಾವುದೋ ಸೊಸೈಟಿಯ ಕಬ್ಬಿಣದ ಟ್ರಂಕಿನ ಹಾಗಿತ್ತು. ನಾನು ಅದನ್ನು ಸುಮ್ಮನೆ ಕಾಲಿನಿಂದ ತಟ್ಟಿ, ಕೊಟ್ಟಿಗೆಯಲ್ಲಿ ಯಾಕೆ ಇಟ್ಟೀರಿ ಅಂತ ಕೇಳಿದೆ.

"ಹುಳದ್ ಮನೆ ಹತ್ರ ಇಡಂಗಿಲ್ಲ ಕಣಮ್ಮ ಅದುನ್ನ. ಮುಚ್ಚಳ ತೆಗುದ್ರೆ ಸಾಕು, ವಾಸ್ನೆಗೆ ಹುಳ ಸೊಪ್ಪೇ ಮುಟ್ಟಲ್ಲ."

ಬಿಲ್ಲೆ ಕರ್ಪೂರ ವಾರದಲ್ಲಿ ಹಾರಿಹೋಗುತ್ತದೆ. ಇಷ್ಟು ವರ್ಷವಾದರೂ ಹುಳಕ್ಕೆ ಮೇವು ಬಿಡಿಸುವ ವಾಸನೆ ಮರದ ಒಳಗಿನದೇ ಇರಬೇಕು. ಮುಚ್ಚಳ ಎತ್ತಿದೆ. ಒಳಗೆ ಪೇಂಟು ಮುಟ್ಟಿರಲಿಲ್ಲ. ಹಳದಿ ಮಿಶ್ರಿತ ಕಂದು ಬಣ್ಣ, ಅಲ್ಲಲ್ಲಿ ಕೆಂಪು ಎಳೆ. ಮೂಲೆಗಳಲ್ಲಿ ಹಲಗೆಗಳು ಬೆರಳಿಗೆ ಬೆರಳು ಹೆಣೆದ ಹಾಗೆ ಕೂತಿದ್ದವು, ಮೊಳೆಯಿಲ್ಲ. ಎಡಕ್ಕೆ ಒಂದು ಸಣ್ಣ ಖಾನೆ. ಹೊರಗೆ ಪೇಂಟಿನಡಿಯಲ್ಲಿದ್ದ ಹಿತ್ತಾಳೆಯ ಪಟ್ಟಿಗಳ ಅಂಚಿಗೆ ಉಗುರು ಆಡಿಸಿದೆ; ಅವನ್ನು ಮರದ ಮೇಲೆ ಹೊಡೆದಿರಲಿಲ್ಲ, ಮರವನ್ನು ಅಷ್ಟೇ ಆಳಕ್ಕೆ ತೋಡಿ ಮಟ್ಟಸವಾಗಿ ಕೂರಿಸಿದ್ದರು. ಮುಖ ಮಾತ್ರ ನಾನು ಹುಳಿ ತಿಂದವಳ ಹಾಗೆ ಇಟ್ಟುಕೊಂಡೆ.

ಅವರು ತಮಗೆ ಗೊತ್ತಿದ್ದದ್ದು ಹೇಳಿದರು. ಅದು ಅವರ ತಾಯಿಯ ಪೆಟ್ಟಿಗೆ. ತಾಯಿಯ ತವರು ನಮ್ಮ ರಾಯದುರ್ಗದ ಕಡೆ, ಗುಮ್ಮಘಟ್ಟದ ಹತ್ತಿರ. ಮದುವೆಗೆಂದು ತಾಯಿಯ ಅಪ್ಪ ರಾಯದುರ್ಗದ ಬಡಗಿಯ ಹತ್ತಿರ ಮಾಡಿಸಿದ್ದು. "ನೀನೂ ಆ ಊರೋಳೇ ಅಲ್ವಾ, ನಿಮ್ಮ ಬಡಗೇರ ಕೆಲ್ಸ ಹೌದೋ ಅಲ್ವೋ ನೋಡು" ಅಂದರು.

ನಾನು "ಹೌದ್ರಿ ಅಕ್ಕಾ, ನಮ್ಮ ಕಡೀ ಕೆಲ್ಸಾನ" ಅಂದೆ.

ಚೀನಾದ್ದು ಅಂದಿದ್ದರೆ ಬೆಲೆ ಅಲ್ಲೇ ಏರುತ್ತಿತ್ತು. ಮಾರುವವರು ಹೇಳಿದ ಕಥೆಗೆ ತಲೆಯಾಡಿಸುವುದು ನಮ್ಮ ವ್ಯಾಪಾರದಲ್ಲಿ ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ ಅಂತ ನಾನು ಆಗ ತಿಳಿದಿದ್ದೆ.

ಹದಿನೈದನೇ ದಿನ ಲಗೇಜ್ ಆಟೋ ಮಾತಾಡಿಕೊಂಡು, ಪಾವಗಡದ ಮೇಲೆ ಹಾದು, ಹತ್ತು ಗಂಟೆಗೆಲ್ಲ ಅಲ್ಲಿ ಇಳಿದೆ. ಪೆಟ್ಟಿಗೆ ಕೊಟ್ಟಿಗೆಯಲ್ಲಿರಲಿಲ್ಲ. ಊರ ನಡುವಿನ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಇಟ್ಟಿದ್ದರು. ಸುತ್ತ ಇಪ್ಪತ್ತು ಇಪ್ಪತ್ತೈದು ಜನ. ಊರ ಯಜಮಾನರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಕಟ್ಟೆಯ ಕೆಳಗೆ ನಿಂತಿದ್ದರು, ನನ್ನನ್ನು ಕಂಡು ಅವರ ಮುಖ ಸಡಿಲವಾಯಿತು.

ಆದದ್ದು ಇಷ್ಟು. ಪೆಟ್ಟಿಗೆ ಮಾರುವ ಸುದ್ದಿ ಅಣ್ಣನ ಮಗನ ಕಿವಿಗೆ ಬಿದ್ದಿತ್ತು. ಅವನು ಬೇರೆಯೇ ಮಾತು ಹೇಳುತ್ತಿದ್ದ: ತಾತ, ಅಂದರೆ ಅಕ್ಕನ ತಂದೆ, ಹರೆಯದಲ್ಲಿ ಬಳ್ಳಾರಿ ದಂಡಿನಲ್ಲಿ ಒಬ್ಬ ದೊರೆಯ ಅಡುಗೆಯವನಾಗಿದ್ದ, ದೊರೆ ದೇಶ ಬಿಡುವಾಗ ಈ ಪೆಟ್ಟಿಗೆ ಕೊಟ್ಟುಹೋದ, ಆದ್ದರಿಂದ ಇದು ತಾತನ ಆಸ್ತಿ, ಮನೆಯ ಜೊತೆ ತನಗೆ ಬಂದದ್ದು. ಆ ಕಡೆ ತಾಯಿಯ ಬಳುವಳಿ ಹೆಣ್ಣುಮಕ್ಕಳಿಗೆ, ಅದರ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಇದ್ದದ್ದು ಬಳುವಳಿಯೋ ಅಲ್ಲವೋ ಎಂಬುದರ ಮೇಲೆ. ಯಜಮಾನರು ಅದನ್ನು ಸುಲಭ ಮಾಡಿಬಿಟ್ಟಿದ್ದರು. ಪೆಟ್ಟಿಗೆ ರಾಯದುರ್ಗದ ಬಡಗಿಯದಾದರೆ ಅತ್ತೆಗೆ, ಪರದೇಶದ್ದಾದರೆ ಸೋದರಳಿಯನಿಗೆ. ಯಾರು ಹೇಳಬೇಕು ಅಂದಾಗ ಅಕ್ಕನೇ ನನ್ನ ಹೆಸರು ಹೇಳಿದ್ದರಂತೆ. ನೋಡಿದವಳು ಅವಳು, ವ್ಯಾಪಾರದವಳು, ಹೌದು ಅಂದಿದ್ದಾಳೆ ಅಂತ. ಅಳಿಯನೂ ಒಪ್ಪಿಕೊಂಡಿದ್ದ.

"ಬರಮ್ಮ ಬಾ," ಅಂದ ಅವನು. "ರೀ ರೀ ಅಂತ ನಯವಾಗಿ ಮಾತಾಡಿ ಅತ್ತೆ ಪೆಟ್ಟಿಗೆ ಹೊಡ್ಕೊಂಡ್ ಹೋಗೋಕ್ ಬಂದಿದ್ದೆಯಂತೆ. ಈಗ ನಾಲ್ಕ್ ಜನ್ರು ಮುಂದೆ ಹೇಳು ಅದೆಲ್ಲೀದು ಅಂತ."

ನೀರು ಕೇಳಿದೆ. ಚೊಂಬಿನಲ್ಲಿ ತಂದುಕೊಟ್ಟರು, ನಿಧಾನವಾಗಿ ಕುಡಿದೆ. ತಲೆ ಒಳಗೆ ಓಡುತ್ತಿತ್ತು. 'ರಾಯದುರ್ಗದ್ದು' ಅಂದರೆ ಮುಗಿಯಿತು. ಅಕ್ಕನಿಗೆ ಪೆಟ್ಟಿಗೆ, ನನಗೆ ಹನ್ನೊಂದು ಸಾವಿರಕ್ಕೆ ಮಾಲು, ಮಧ್ಯಾಹ್ನದ ಊಟಕ್ಕೆ ಪಾವಗಡ. ಆ ಕಟ್ಟೆಯ ಮೇಲೆ ನನ್ನ ಮಾತನ್ನು ತಿರುವಿ ಹಾಕುವವರು ಒಬ್ಬರೂ ಇರಲಿಲ್ಲ. ನ್ಯಾಯಕ್ಕಾಗಿ ಆ ಮಾತು ಬಿಟ್ಟೆ ಅಂತ ಈಗ ಹೇಳಿಕೊಂಡರೆ ನೀವು ನಂಬಬೇಡಿ. ನಾನು ಯೋಚಿಸಿದ್ದು ಹೀಗೆ: ಬೆಂಗಳೂರಿನಲ್ಲಿ ಇದನ್ನು ಚೀನಾದ್ದು ಅಂತಲೇ ಮಾರಬೇಕು, ಫೋಟೋ ಹಾಕುತ್ತಾರೆ. ಇವತ್ತು ಹಾಕಿದ ಫೋಟೋ ನಾಳೆ ಈ ಊರಿನ ಫೋನುಗಳಿಗೆ ಬಂದೇ ಬರುತ್ತದೆ. ನಾನು ರಾಯದುರ್ಗದಲ್ಲಿರುತ್ತೇನೆ. ಅಕ್ಕ ಅದೇ ಮನೆಯಲ್ಲಿ, ಅದೇ ಅಳಿಯನ ಎದುರಿಗೆ ಇರಬೇಕು. ಅವರು ತಾವು ಹೇಳದ ಸುಳ್ಳಿಗೆ ಕಳ್ಳಿಯಾಗುತ್ತಾರೆ.

ಇಬ್ಬರು ಗಂಡಸರಿಗೆ ಹೇಳಿ ಪೆಟ್ಟಿಗೆಯನ್ನು ಮಗ್ಗುಲಿಗೆ ಹೊರಳಿಸಿದೆ. ತಳಕ್ಕೆ ಪೇಂಟು ಬಳಿದಿರಲಿಲ್ಲ. ಒಳಗಿನ ಸಣ್ಣ ಖಾನೆಯ ಹಲಗೆ ಎಳೆದು ತೆಗೆದೆ. ಹಲಗೆಯ ಹಿಂಬದಿಯಲ್ಲಿ ಕುಂಚದಿಂದ ಬರೆದ ಕಪ್ಪು ಗುರುತು ಇತ್ತು, ಎರಡು ಚೀನೀ ಅಕ್ಷರ. ತಳದಲ್ಲೂ ಅವೇ ಎರಡು. ಯಾವ ಹಲಗೆ ಯಾವ ಪೆಟ್ಟಿಗೆಯದು ಅಂತ ಬಡಗಿಗಳು ತಮಗಾಗಿ ಬರೆದುಕೊಳ್ಳುವುದು ಅದು. ಕೊಳ್ಳುವವರಿಗೆ ಕಾಣಲೆಂದು ಬರೆದದ್ದಲ್ಲ, ಅದಕ್ಕೇ ಅದನ್ನು ನಂಬಬಹುದು. ಹಲಗೆಯನ್ನು ಯಜಮಾನರ ಕೈಗೆ ಕೊಟ್ಟು ಹೇಳಿದೆ.

"ಇದು ನಮ್ಮ ಬಡಗೇರದ್ದಲ್ರಿ. ಚೀನಾದಾಗ ಮಾಡಿದ್ದು. ಕರ್ಪೂರದ ಮರ."

ಯಜಮಾನರು ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಚೈನಾ ಮಾಲು ಮೂರ್ ತಿಂಗ್ಳು ಬಾಳಲ್ವಲ್ಲಮ್ಮ. ಇದು ನಮ್ಮಪ್ಪನ ಕಾಲದಾಗಿಂದ ಐತೆ" ಅಂದರು. ಕೆಲವರು ನಕ್ಕರು. ಅಳಿಯ ನಗಲಿಲ್ಲ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಮುಗೀತಲ್ಲ, ಎತ್ರಪ್ಪ ಮನೇಗೆ" ಅಂದ.

ಅಕ್ಕ ನನ್ನನ್ನೇ ನೋಡುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ.

"ಅವತ್ತು ಹೌದು ಅಂದ್ಯಲ್ಲೇ" ಅಂದರು, ಅಷ್ಟೇ. ಈ ಸಲ 'ಕಣಮ್ಮ' ಇಲ್ಲ.

"ರೇಟು ಏರಬಾರ್ದು ಅಂತ ಹಂಗಂದೆನ್ರಿ ಅಕ್ಕಾ. ಅವತ್ತೇ ಗೊತ್ತಿತ್ತು ನಂಗ. ತಪ್ಪು ನಂದು."

ನಾಲ್ಕು ಜನರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ಹಿಂದಿನಿಂದ ಯಾರೋ, ವ್ಯಾಪಾರದೋರ ಬುದ್ಧಿ ಅಂತ ಗೊಣಗಿದರು. ಆದರೂ ಅಳಿಯನ ಕಡೆಯವರು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಾಗ ನಾನು ಅದರ ಮುಚ್ಚಳದ ಮೇಲೆ ಅಂಗೈ ಊರಿ ನಿಂತೆ. ಯಜಮಾನರಿಗೆ ಹೇಳಿದೆ: ಎಲ್ಲಿ ಮಾಡಿದ್ದು ಅಂತ ಕೇಳಿದ್ರಿ, ಹೇಳಿದೆ. ಈ ಮನೆಗೆ ಯಾರು ತಂದದ್ದು ಅಂತ ನೀವು ಕೇಳಲೇ ಇಲ್ಲ. ಚೀನಾದ ಪೆಟ್ಟಿಗೆ ದೊರೆಯ ಕೈಯಿಂದ ಅಡುಗೆಯವನಿಗೂ ಬರಬಹುದು, ದಂಡಿನ ಹರಾಜಿನಲ್ಲಿ ದುಡ್ಡಿಗೂ ಬರಬಹುದು. ಇನ್ನೊಂದು ಸ್ವಲ್ಪ ಹೊತ್ತು ಕೊಡಿ.

"ಇನ್ನೇನ್ ಉಳಿದೈತೆ ಅದ್ರಾಗೆ?" ಅಂದ ಅಳಿಯ.

"ಮಾಡಿದೋರ ಗುರುತು ನೋಡಿದ್ವಿ. ಇಟ್ಕೊಂಡೋರ ಗುರುತು ನೋಡಿಲ್ರಿ ಇನ್ನಾ."

ಯಜಮಾನರು ಕೈಯೆತ್ತಿ ಹಿಡಿ ಬಿಡಿಸಿದರು. ಸತ್ಯ ಹೇಳಬೇಕೆಂದರೆ, ಏನು ಸಿಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಪೆಟ್ಟಿಗೆಯ ಕೆಳಗೆ ನಮ್ಮ ಕಡೆಯ ಬೇವಿನ ಕಟ್ಟಿಗೆಯ ಮಣೆ ಜೋಡಿಸಿದ್ದರು. ಅದು ಯಾವ ಮನೆಯಲ್ಲಿ ಜೋಡಿಸಿದ್ದಾದರೂ ಆಗಿರಬಹುದು. ಬೀಗದ ಜಾಗದಲ್ಲಿ ಕಮ್ಮಾರನ ಚಿಲಕ. ಅದೂ ಅಷ್ಟೇ. ಖಾನೆಯ ಬಿರುಕಿನಲ್ಲಿ ಅರಿಶಿನದ ಪುಡಿ, ಒಂದು ಬಳೆಚೂರು. ಹೆಂಗಸೊಬ್ಬಳು ಬಳಸಿದ್ದು ಅಂತ ಗೊತ್ತಾಯಿತು, ಅದನ್ನು ಅಳಿಯನೂ ಇಲ್ಲ ಅನ್ನುತ್ತಿರಲಿಲ್ಲ. ಬಿಸಿಲು ಕಟ್ಟೆಯ ಮೇಲೆ ಹತ್ತುತ್ತಿತ್ತು. ಒಬ್ಬೊಬ್ಬರಾಗಿ ಎದ್ದು ಹೋಗಲು ಶುರು ಮಾಡಿದರು.

ಉಳಿದದ್ದು ಹಿತ್ತಾಳೆ ಪಟ್ಟಿಗಳು. ನನ್ನ ಚೀಲದಲ್ಲಿ ಯಾವಾಗಲೂ ಒಂದು ಸಣ್ಣ ಬಾಟಲಿ ಥಿನ್ನರು, ಜೀನ್ಸಿನ ತುಂಡು ಇರುತ್ತವೆ. ಮರದ ಮೇಲಿನ ಪೇಂಟು ಕೀಳುವುದು ಕಷ್ಟ, ಹಿತ್ತಾಳೆಯ ಮೇಲೆ ಅದು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಥಿನ್ನರು ಸವರಿ, ಉಗುರಿನಿಂದ ಎಬ್ಬಿಸಿದರೆ ಚಕ್ಕೆಯಾಗಿ ಬರುತ್ತದೆ. ಬಲಗಡೆಯ ಪಟ್ಟಿಯ ಪೇಂಟು ಕಿತ್ತೆ, ಏನೂ ಇಲ್ಲ. ಮುಂದಿನದು ಕಿತ್ತೆ, ಏನೂ ಇಲ್ಲ. ಅಳಿಯ ಬೀಡಿ ಹಚ್ಚಿದ, ಥಿನ್ನರಿಗೆ ಬೆಂಕಿ ಹತ್ತೀತು ಅಂತ ಗದರಿಸಿ ದೂರ ಕಳಿಸಿದೆ. ಎಡಗಡೆಯ ಪಟ್ಟಿಯಲ್ಲಿ ಅರ್ಧ ಚಕ್ಕೆ ಎದ್ದಾಗ ಬೆರಳಿಗೆ ತರಿತರಿಯಾಗಿ ಏನೋ ಹತ್ತಿತು. ಚುಕ್ಕಿಗಳು. ಒಂದರ ಪಕ್ಕ ಒಂದು, ಸಾಲಾಗಿ.

ನಮ್ಮ ಕಡೆ ಹೆಣ್ಣಿಗೆ ಕೊಡುವ ಕೊಡ, ತಟ್ಟೆ, ಕೊಳಗಗಳ ಮೇಲೆ ಚಾಣದಿಂದ ಚುಕ್ಕಿ ಹೊಡೆದು ಹೆಸರು ಹಾಕಿಸುತ್ತಾರಲ್ಲ, ಅವೇ ಚುಕ್ಕಿಗಳು. ಚೀನಾದವರು ಜೀವ ತೇಯ್ದು ಮಟ್ಟಸ ಮಾಡಿ ಕೂರಿಸಿದ ಹಿತ್ತಾಳೆಯ ಮೇಲೆ ಯಾರೋ ಪಾತ್ರೆಯಂಗಡಿಯವನ ಕೈಯಲ್ಲಿ ಹೆಸರು ಹೊಡೆಸಿದ್ದರು. ಬೆಂಗಳೂರಿನ ಅಂಗಡಿಯವರು ನೋಡಿದರೆ ತಲೆ ಚಚ್ಚಿಕೊಳ್ಳುತ್ತಾರೆ. ಪಾತ್ರೆಗೆ ಮಾಡುವುದನ್ನು ಪೆಟ್ಟಿಗೆಗೂ ಮಾಡುವವರು ನಮ್ಮವರು ಮಾತ್ರ.

ನಾನು ಓದಲಿಲ್ಲ. ನನ್ನ ಮಾತಿಗೆ ಅಲ್ಲಿ ಬೆಲೆ ಉಳಿದಿರಲಿಲ್ಲ. ಪಟ್ಟಿಯನ್ನು ಒರೆಸಿ ಯಜಮಾನರನ್ನು ಕರೆದೆ. ಅವರು ಮನೆಯಿಂದ ಕನ್ನಡಕ ತರಿಸಿಕೊಂಡು, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮೊದಲು ಒಂದು ಹೆಂಗಸಿನ ಹೆಸರು. ಅಕ್ಕ ಕಟ್ಟೆ ಹತ್ತಿ ಬಂದು ಬೆರಳು ಇಟ್ಟು ತಾವೂ ಓದಿದರು. ತಾಯಿಯ ಹೆಸರು.

"ಅಜ್ಜಿ ಹೆಸ್ರು, ಇರ್ಲಿ," ಅಂದ ಅಳಿಯ. ಅವನ ದನಿ ತಗ್ಗಿತ್ತು, ಆದರೆ ಬಿಟ್ಟುಕೊಡಲಿಲ್ಲ. "ಈ ಮನೇಗ್ ಬಂದ್ಮೇಲೆ ತಾತನೇ ಹೊಡ್ಸಿರ್ಬೋದು."

ಯಜಮಾನರು ತಲೆಯೆತ್ತಲಿಲ್ಲ. ಹೆಸರಿನ ಮುಂದೆ ಇನ್ನೂ ಪೇಂಟು ಇತ್ತು, ಅದನ್ನೂ ಕೀಳು ಅಂತ ನನಗೆ ಸನ್ನೆ ಮಾಡಿದರು. ಕಿತ್ತೆ. ಇನ್ನೊಂದು ಸಾಲು ಬಂತು, ಊರಿನ ಹೆಸರು. ಗುಮ್ಮಘಟ್ಟದ ಕಡೆಯ ಹಳ್ಳಿ.

ಆಗ ಅವರು ಸೊಂಟ ನೆಟ್ಟಗೆ ಮಾಡಿಕೊಂಡು ಅಳಿಯನನ್ನು ನೋಡಿದರು. "ಈ ಮನೇಗ್ ಸೊಸೆಯಾಗಿ ಬಂದ್ಮೇಲೆ ಹೊಡ್ಸಿದ್ರೆ ಈ ಊರ್ ಹೆಸ್ರು ಹೊಡಿಸ್ತಿದ್ರು. ಹೆಂಡ್ತಿ ತವ್ರೂರ್ ಹೆಸ್ರ ಯಾವ್ ಗಂಡ ಹೊಡಿಸ್ತಾನಪ್ಪ? ನಿನ್ ಹೆಂಡ್ತಿ ಕೊಡ ನೋಡ್ಕೊ ಹೋಗು."

ಅಳಿಯನೂ ಬಂದು ಬಗ್ಗಿ ನೋಡಿದ. ಆಮೇಲೆ, ಈ ಸಲದ ನಿನ್ ಹುಳ ಗೂಡು ಕಟ್ಟೋವರ್ಗೂ ನನ್ ಶೆಡ್ಡಿನಾಗೇ ಇರ್ಲಿ ಅತ್ತೆ, ಅವಸ್ರ ಮಾಡ್ಬೇಡ ಅಂದ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಹನ್ನೊಂದ್ ಸಾವ್ರಕ್ಕೆ ಒಪ್ಪಿದ್ದು ನಿಮ್ಮೂರ್ ಬಡಗಿ ಪೆಟ್ಟಿಗೆಗೆ. ಅದು ನಿಮ್ಮೂರ್ದಲ್ಲ ಅಂತ ನೀನೇ ಹೇಳ್ದೆ. ಈಗ ಚೀನಾ ಪೆಟ್ಟಿಗೆಗೆ ಎಷ್ಟು ಕೊಡ್ತೀಯ ಹೇಳು."

ಇಪ್ಪತ್ತೈದು ಜನ ಕೇಳುತ್ತಿದ್ದರು. ಎದ್ದು ಹೋದವರೂ ಮರಳಿ ಬಂದಿದ್ದರು. ನಾನು ಮೂವತ್ತು ಅಂದೆ. ಅವರು ಎಂಬತ್ತು ಅಂದರು. ಚುಕ್ಕಿ ಹೊಡೆದು ಹಿತ್ತಾಳೆ ಕೆಟ್ಟಿದೆ ಅಂದೆ. ಆ ಚುಕ್ಕಿ ಇಲ್ಲದಿದ್ದರೆ ಪೆಟ್ಟಿಗೆಯೇ ಇಲ್ಲ ಅಂದರು. ಹಸಿರು ಪೇಂಟು ಕೀಳಲಿಕ್ಕೆ ಹತ್ತು ದಿನದ ಕೂಲಿ ಅಂದೆ. ಅರ್ಧ ಗಂಟೆಯಲ್ಲಿ ಮೂರು ಪಟ್ಟಿಯ ಪೇಂಟು ಕಿತ್ತದ್ದನ್ನು ಊರೇ ನೋಡಿದೆ ಅಂದರು. ಶೀಟಿಗೆ, ಕಂಬಕ್ಕೆ, ಗೋಡೆಯ ಇಟ್ಟಿಗೆಗೆ ಎಷ್ಟೆಷ್ಟು ಬೇಕು ಅಂತ ಅವರು ಮೊದಲೇ ಮೇಸ್ತ್ರಿಯನ್ನು ಕೇಳಿಟ್ಟುಕೊಂಡಿದ್ದರು. ಆ ಮೊತ್ತಕ್ಕೆ ಬಂದು ನಿಂತರು, ಅಲ್ಲಿಂದ ಅಲುಗಲಿಲ್ಲ. ಅರವತ್ತೆರಡಕ್ಕೆ ನಾನು ಕೈಮುಗಿದೆ. ಬೆಂಗಳೂರಿನಲ್ಲಿ ಅದು ನನಗೆ ತಂದ ಲಾಭ ಆಟೋ ಬಾಡಿಗೆ ಕಳೆದು ಎರಡು ಬಾಗಿಲು ಕೊಳ್ಳುವಷ್ಟು. ನಷ್ಟವಿಲ್ಲ.

ಮಳೆಗಾಲಕ್ಕೆ ಮುಂಚೆ ಶೆಡ್ಡು ಎದ್ದಿತು ಅಂತ ಫೋನು ಬಂತು. ಹಳೆಯ ತೊಲೆ ಎರಡು ಬೇಕು, ಸೌದೆ ರೇಟಿಗೆ ಕಳಿಸು ಅಂತ ಕೇಳಲಿಕ್ಕೆ ಮಾಡಿದ ಫೋನು ಅದು. ಕಳಿಸಿದೆ.

ನಿಮ್ಮ ಮನೆಯಲ್ಲಿ ಅಂಥದ್ದೊಂದು ಪೆಟ್ಟಿಗೆ ಇದ್ದರೆ, ಅಥವಾ ಕೊಳ್ಳಲು ಹೊರಟಿದ್ದರೆ, ನನ್ನಿಂದ ಇಷ್ಟು ಕೇಳಿಕೊಳ್ಳಿ. ಮುಚ್ಚಳ ತೆಗೆದ ಕೂಡಲೇ ಬರುವ ಘಮವನ್ನು ನಂಬಬೇಡಿ. ಒಳಗಿದ್ದ ಬಟ್ಟೆಬರೆಯೆಲ್ಲ ತೆಗೆದು, ಒರೆಸಿ, ಎರಡು ದಿನ ಮುಚ್ಚಳ ತೆರೆದು ಗಾಳಿಗೆ ಬಿಡಿ. ಆಮೇಲೆ ಒಂದು ರಾತ್ರಿ ಮುಚ್ಚಿಟ್ಟು ಬೆಳಗ್ಗೆ ಮೂಗಿಡಿ. ಆಗಲೂ ಇದ್ದರೆ ಅದು ಮರದ್ದು. ಕೆತ್ತನೆ ಜಾಸ್ತಿಯಿದ್ದಷ್ಟೂ ಹಳೆಯದು ಅಂತ ತಿಳಿಯಬೇಡಿ. ಮೈತುಂಬ ಡ್ರ್ಯಾಗನ್ನು ಇರುವವು ಬಹಳಷ್ಟು ಈಚಿನವು, ದಂಡಿನ ಜೊತೆ ತಿರುಗಿದವು ಸಾದಾ ಇರುತ್ತವೆ. ತಳ ನೋಡಿ, ಖಾನೆಯ ಹಲಗೆಯ ಬೆನ್ನು ನೋಡಿ, ಹಿತ್ತಾಳೆ ಮರದ ಮಟ್ಟಕ್ಕೆ ಇಳಿದಿದೆಯೋ ಮೇಲೆ ಕೂತಿದೆಯೋ ಉಗುರು ಆಡಿಸಿ ನೋಡಿ. ಕುಂಚದ ಅಕ್ಷರ ಕಂಡರೂ ಅದು ಕ್ಯಾಂಟನ್‌ದೇ ಅಂತ ಆಣೆ ಇಡಬೇಡಿ. ಸಿಂಗಾಪುರ, ರಂಗೂನುಗಳಲ್ಲೂ ಚೀನಾದ ಬಡಗಿಗಳು ಕೂತು ಮಾಡಿದ್ದಾರೆ, ಗೊತ್ತಿರುವವರಿಗೆ ಫೋಟೋ ಕಳಿಸಿ. ಮಾರುವ ಮನಸ್ಸಿದ್ದರೆ ಸ್ಯಾಂಡ್‌ಪೇಪರ್ ಹಾಕಿ ಚಂದ ಮಾಡಲು ಹೋಗಬೇಡಿ. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬೆಳಗಲೂಬೇಡಿ, ಸವೆದುಹೋದ ಚುಕ್ಕಿ ಮತ್ತೆ ಓದಲು ಬರುವುದಿಲ್ಲ. ಮತ್ತೆ, ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಇವತ್ತೇ ಹೋಗಿ ಅದು ಯಾರ ಜೊತೆ, ಯಾವ ಊರಿನಿಂದ, ಯಾವ ಮದುವೆಗೆ ಬಂತು ಅಂತ ಕೇಳಿ, ಒಂದು ಕಾಗದದಲ್ಲಿ ಬರೆದು, ಆ ಕಾಗದವನ್ನು ಪೆಟ್ಟಿಗೆಯ ಒಳಗೇ ಅಂಟಿಸಿಡಿ.

ಮಾಲು ನೋಡಲು ನನ್ನಂಥವರು ಬಂದರೆ, ನಿಮಗೆ ಗೊತ್ತಿರುವ ಕಥೆಯನ್ನು ಮೊದಲೇ ಹೇಳಬೇಡಿ. ಅವರೇ ಹೇಳಲಿ ಎಲ್ಲಿಯದು ಅಂತ.